ಬಾರದ ನಲವತ್ತೇಳು ಮಂದಿ

ಆ ಹೆಂಗಸಿಗೆ ಆಸ್ಪತ್ರೆಯಲ್ಲಿ ಎಲ್ಲರೂ ಸೇರಿ ಇಟ್ಟ ಹೆಸರು ಸಾಕ್ಸಮ್ಮ. ಎದುರಿಗೇ ಹಾಗೆ ಕರೆಯುತ್ತಿದ್ದರು, ಅವಳೂ ಬೇಜಾರಿಲ್ಲದೆ ಓಗೊಡುತ್ತಿದ್ದಳು. ಸೊಂಟದ ಕೀಲು ಬದಲಾಯಿಸಿಕೊಂಡವರು ಮೂರು ತಿಂಗಳಿಗೆ, ಆರು ತಿಂಗಳಿಗೆ, ಆಮೇಲೆ ವರ್ಷಕ್ಕೊಂದು ಸಲ ಬಂದು ತೋರಿಸಿಕೊಂಡು ಹೋಗಬೇಕು. ಹಾಗೆ ಬಂದವರನ್ನು ಕೂರಿಸಿ, ಏಳಿಸಿ, ನಡೆಸಿ, ಅಳೆದು ಬರೆದುಕೊಳ್ಳುವುದು ಅವಳ ಕೆಲಸ. ಎರಡನೇ ಮಹಡಿಯಲ್ಲಿ ಎಕ್ಸ್‌ರೇ ಕೋಣೆ ದಾಟಿದರೆ ಅವಳ ಕೋಣೆ. ನೆಲದ ಮೇಲೆ ಹತ್ತು ಮೀಟರ್ ಉದ್ದಕ್ಕೆ ಅಂಟಿಸಿದ ಹಳದಿ ಪಟ್ಟಿ, ಕೈಯಿಲ್ಲದ ಒಂದು ಕುರ್ಚಿ, ಹತ್ತಿ ಇಳಿಯುವುದಕ್ಕೆಂದೇ ಮಾಡಿಸಿದ ಮೂರು ಮರದ ಮೆಟ್ಟಿಲು, ಕಿಟಕಿ ಪಕ್ಕ ಬುಟ್ಟಿ ತುಂಬ ಸಾಕ್ಸು. "ಎಲ್ಲಿ, ನೀವೇ ಹಾಕ್ಕೊಂಡು ತೋರಿಸಿ" ಎಂದು ಬಂದವರ ಕೈಗೆ ಒಂದು ಜೊತೆ ಕೊಡುತ್ತಿದ್ದಳು. ಸೊಂಟ ಎಷ್ಟು ಬಗ್ಗುತ್ತದೆ ಅನ್ನುವುದನ್ನು ಅದಕ್ಕಿಂತ ಚೆನ್ನಾಗಿ ಯಾವ ಯಂತ್ರವೂ ಹೇಳುವುದಿಲ್ಲ ಎಂಬುದು ಅವಳ ನಂಬಿಕೆ.

ಎಲ್ಲ ಸೇರಿ ನೂರು ಅಂಕ. ಅದರಲ್ಲಿ ನೋವಿಗೇ ನಲವತ್ತನಾಲ್ಕು. ಉಳಿದದ್ದು ಕುಂಟುತ್ತೀರಾ, ಕೋಲು ಬೇಕಾ, ಎಷ್ಟು ದೂರ ನಡೆಯುತ್ತೀರಿ, ಬಸ್ಸು ಹತ್ತುತ್ತೀರಾ ಎಂಬಂಥ ಪ್ರಶ್ನೆಗಳಿಗೆ. ತೊಂಬತ್ತು ದಾಟಿದರೆ ಬಹಳ ಚೆನ್ನಾಗಿದೆ ಎಂದು ಲೆಕ್ಕ. ಎಪ್ಪತ್ತರ ಕೆಳಗೆ ಬಂದರೆ ಕೆಟ್ಟಿದೆ ಎಂದು. ಎಪ್ಪತ್ತು ವಯಸ್ಸು ದಾಟಿದ ಅಜ್ಜಂದಿರು ಕೂಡ ಅವಳ ಎದುರಿಗೆ ಪರೀಕ್ಷೆಗೆ ಕೂತ ಮಕ್ಕಳ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಹೋಗುವಾಗ ಬಾಗಿಲ ಹತ್ತಿರ ನಿಂತು, ಮೆಲ್ಲಗೆ, ಎಷ್ಟು ಬಂತಮ್ಮ ಎಂದು ಕೇಳುತ್ತಿದ್ದರು. ಅವಳು ಹೇಳಿಬಿಡುತ್ತಿದ್ದಳು. ಹೇಳಬಾರದು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಅವಳು ಕೆಲಸಕ್ಕೆ ಸೇರಿ ಆರನೇ ವರ್ಷಕ್ಕೆ ದೊಡ್ಡ ಡಾಕ್ಟರು ಹೊಸ ಬಟ್ಟಲು ತಂದರು. ಸೊಂಟದ ಮೂಳೆಯ ಗುಳಿಯಲ್ಲಿ ಕೂರಿಸುವ ಲೋಹದ ಬಟ್ಟಲು ಅದು. ತೊಡೆಯ ಮೂಳೆಯ ತುದಿಯ ಗುಂಡು ಅದರೊಳಗೆ ತಿರುಗಬೇಕು. ಅಲ್ಲಿವರೆಗೆ ಬಟ್ಟಲನ್ನು ಒಂದು ಥರದ ಸಿಮೆಂಟು ಹಾಕಿ ಅಂಟಿಸುತ್ತಿದ್ದರು. ಇದಕ್ಕೆ ಸಿಮೆಂಟು ಬೇಡ. ನುಣುಪಾದ ಲೋಹದ ಹೊರಮೈಗೆ ಮೂಳೆಯಲ್ಲೇ ಇರುವಂಥ ಸುಣ್ಣದ ತೆಳು ಲೇಪ. ಮೂಳೆ ಆ ಲೇಪವನ್ನು ತನ್ನದೇ ಅಂದುಕೊಂಡು ಬೆಳೆದು ಹಿಡಿದುಕೊಳ್ಳುತ್ತದೆ, ಒಮ್ಮೆ ಹಿಡಿದರೆ ಸಾಯುವವರೆಗೂ ಬಿಡುವುದಿಲ್ಲ ಎಂದು ದೊಡ್ಡ ಡಾಕ್ಟರು ಅವಳಿಗೆ ಬಿಡಿಸಿ ಹೇಳಿದರು. ಅವರು ಒಳ್ಳೆಯ ಮನುಷ್ಯ. ಕಾಂಪೌಂಡರಿನಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರನ್ನೂ ನಿಲ್ಲಿಸಿ ಮಾತಾಡಿಸುವವರು. ಆ ಬಟ್ಟಲನ್ನು ಅವಳ ಅಂಗೈ ಮೇಲೆ ಇಟ್ಟಾಗ ಅವರ ಮುಖ ಹೊಸ ಆಟಿಕೆ ಸಿಕ್ಕ ಹುಡುಗನ ಮುಖದ ಹಾಗಿತ್ತು.

ಮತ್ತೆ ನಿಜವಾಗಿಯೂ ಅದು ಹಾಗೇ ನಡೆಯಿತು. ಮೊದಲು ಹಾಕಿಸಿಕೊಂಡವರಲ್ಲಿ ಒಬ್ಬ ಗೋಡೆಗೆ ಬಣ್ಣ ಬಳಿಯುವವನು. ನಾಲ್ಕು ವರ್ಷ ಏಣಿ ಮುಟ್ಟದೆ ಕೂತಿದ್ದವನು. ಆರು ತಿಂಗಳಿಗೆ ಬಂದವನು ಆ ಮೂರು ಮೆಟ್ಟಿಲನ್ನು ಹಿಂದುಮುಂದಾಗಿ ಹತ್ತಿ ಇಳಿದು ತೋರಿಸಿದ. ಎರಡನೇ ವರ್ಷಕ್ಕೆ ಅವನಿಗೆ ತೊಂಬತ್ತಾರು ಬಂತು. ಅವನ ಹೆಂಡತಿ ಕಣ್ಣಲ್ಲಿ ನೀರು ತುಂಬಿಕೊಂಡು ಸಾಕ್ಸಮ್ಮನ ಎರಡೂ ಕೈ ಹಿಡಿದುಕೊಂಡಳು. ಅಂಥವರು ಒಬ್ಬರಲ್ಲ, ಇಬ್ಬರಲ್ಲ. ತೊಂಬತ್ತನಾಲ್ಕು, ತೊಂಬತ್ತೆರಡು, ತೊಂಬತ್ತೈದು ಎಂದು ಬರೆದು ಬರೆದು ಅವಳ ಕೈಗೆ ಒಂಬತ್ತು ಅಂಕಿ ತನ್ನಷ್ಟಕ್ಕೆ ಬರುವಂತಾಗಿತ್ತು. ಅವಳ ಬಾಳಿನ ಒಳ್ಳೆಯ ಕಾಲ ಯಾವುದು ಅಂದರೆ ಆ ಎರಡು ಮೂರು ವರ್ಷವೇ.

ಆ ಕಾಲದಲ್ಲೇ ಅವಳು ಅಕ್ಕನನ್ನು ಒಪ್ಪಿಸಿದ್ದು.

ಅಕ್ಕ ಎಂದರೆ ಅವಳಿಗೆ ಅಮ್ಮನೇ. ಅಮ್ಮ ಹೋದಾಗ ಇವಳಿಗೆ ಒಂಬತ್ತು, ಅಕ್ಕನಿಗೆ ಹದಿನೇಳು. ಅಕ್ಕ ಓದು ಬಿಟ್ಟು ಒಂದು ಹೋಟೆಲಿನ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿದಳು. ಹಾಸಿಗೆಯ ಬಿಳಿ ಹೊದಿಕೆಗಳನ್ನು ಇಸ್ತ್ರಿ ಮಾಡಿ ಮಡಿಸುವ ಕೆಲಸ, ದಿನಕ್ಕೆ ಎಂಟು ಗಂಟೆ ನಿಂತೇ. ಹುಟ್ಟಿನಿಂದಲೇ ಅಕ್ಕನ ಸೊಂಟದ ಗುಳಿಗಳು ಆಳವಿರಲಿಲ್ಲ, ಎಡಗಡೆ ಜಾಸ್ತಿ, ಬಲಗಡೆ ಕಡಿಮೆ. ಹಾಗಾಗಿ ಅವಳು ಆ ಕಡೆಗೊಂದು ಸಲ ಈ ಕಡೆಗೊಂದು ಸಲ ವಾಲಿಕೊಂಡು ನಡೆಯುತ್ತಿದ್ದಳು. ಜೊತೆಯ ಹೆಂಗಸರು ಹಂಸನಡೆ ಅಂತ ಛೇಡಿಸಿ ಛೇಡಿಸಿ ಕೊನೆಗೆ ಹಂಸ ಅನ್ನುವುದೇ ಹೆಸರಾಯಿತು. ಅಕ್ಕ ನಕ್ಕುಬಿಡುತ್ತಿದ್ದಳು. ಮದುವೆಯ ಮಾತು ಎರಡು ಸಲ ಬಂದು, ಹುಡುಗಿ ನಾಲ್ಕು ಹೆಜ್ಜೆ ಹಾಕಿದ ಮೇಲೆ ಎರಡು ಸಲವೂ ನಿಂತಿತ್ತು. ಆಮೇಲೆ ಅಕ್ಕ ಆ ಮಾತು ಎತ್ತಬಾರದು ಎಂದಳು. ತಂಗಿಯೂ ಮಾಡಿಕೊಳ್ಳಲಿಲ್ಲ. ಇಬ್ಬರೂ ಮಹಡಿ ಮೇಲಿನ ಎರಡು ಕೋಣೆಯ ಮನೆಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಬದುಕಿದರು.

ನಲವತ್ತು ದಾಟುವ ಹೊತ್ತಿಗೆ ಅಕ್ಕನ ಎಡ ಸೊಂಟ ಸವೆದು ಹೋಗಿತ್ತು. ಬೆಳಿಗ್ಗೆ ಏಳುವಾಗ ಹಲ್ಲು ಕಚ್ಚಿಕೊಳ್ಳುವ ಸದ್ದು ಪಕ್ಕದ ಕೋಣೆಗೆ ಕೇಳುತ್ತಿತ್ತು. ಆದರೆ ಆಪರೇಷನ್ ಅಂದರೆ ಬೇಡವೇ ಬೇಡ. ಹೇಗೋ ನಡೀತಿದೆ, ಇರೋದನ್ನೂ ಕಳಕೊಂಡರೆ ಏನು ಗತಿ ಎಂಬುದು ಅಕ್ಕನ ವಾದ. ತಂಗಿ ಒಂದು ವರ್ಷ ಬೆನ್ನು ಬಿಡದೆ ಹೇಳಿದಳು. ಅಂಕಗಳ ಹಾಳೆ ತಂದು ತೋರಿಸಿದಳು. ಬಣ್ಣ ಬಳಿಯುವವನನ್ನು ಒಂದು ಭಾನುವಾರ ಮನೆಗೇ ಕರೆದುಕೊಂಡು ಬಂದಳು. ಅವನು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದು, ಟೀ ಕುಡಿದು, ಇವರ ಡಾಕ್ಟರ ಕೈಗೆ ಕಾಲು ಕೊಡಿ ಅಕ್ಕ, ಕಣ್ಣು ಮುಚ್ಕೊಂಡು ಕೊಡಿ ಎಂದು ಹೇಳಿ ಹೋದ.

"ನೀನು ಹೇಳ್ತಿದ್ದೀಯ ಅಂತ ಮಾಡಿಸ್ಕೊಳ್ತೀನಿ ಕಣೇ," ಎಂದಳು ಅಕ್ಕ ಆವತ್ತು. "ಡಾಕ್ಟರು ಹೇಳಿದ್ದಕ್ಕಲ್ಲ."

ಆಪರೇಷನ್ ಹೂವೆತ್ತಿದಂತೆ ಆಯಿತು. ವರ್ಷ ತುಂಬಿದಾಗ ಅಕ್ಕನಿಗೆ ತೊಂಬತ್ಮೂರು. ಹೋಟೆಲಿನಲ್ಲಿ ಹೆಂಗಸರು ನಿನ್ನ ನಡೆ ಯಾರು ಕದ್ದರು ಎಂದು ಕೇಳಿದರಂತೆ. ಅಕ್ಕ ಜೀವನದಲ್ಲಿ ಮೊದಲ ಸಲ ಸುಮ್ಮನೆ, ಯಾವ ಕೆಲಸವೂ ಇಲ್ಲದೆ, ನಡೆಯುವುದಕ್ಕೆಂದೇ ಹೊರಗೆ ಹೋಗಲು ಶುರುಮಾಡಿದಳು. ಸಂಜೆ ಸೇತುವೆವರೆಗೆ ಹೋಗಿ ಬರುವುದು. ತಂಗಿ ಕೆಲವೊಮ್ಮೆ ಹತ್ತು ಹೆಜ್ಜೆ ಹಿಂದೆ ಉಳಿದು, ಅಕ್ಕ ನೆಟ್ಟಗೆ ನಡೆಯುವುದನ್ನು ಕಣ್ಣು ತುಂಬ ನೋಡುತ್ತಿದ್ದಳು.

ಮೂರು ವರ್ಷದಲ್ಲಿ ನೂರ ಹದಿನೆಂಟು ಮಂದಿಗೆ ಆ ಬಟ್ಟಲು ಕೂರಿಸಿದರು.

ಐದನೇ ವರ್ಷದ ಎಕ್ಸ್‌ರೇಗಳು ಬರತೊಡಗಿದಾಗ ಕೆಲವದರಲ್ಲಿ ಬಟ್ಟಲಿಗೂ ಮೂಳೆಗೂ ನಡುವೆ ಕೂದಲೆಳೆಯಂಥ ಒಂದು ಕಪ್ಪು ಗೆರೆ ಕಂಡಿತು. ಮೊದಲು ಕಂಡದ್ದು ಒಬ್ಬ ಲೆಕ್ಕದ ಟೀಚರಿನದರಲ್ಲಿ. ಸಾಕ್ಸಮ್ಮ ಅದನ್ನು ಹಿಡಿದುಕೊಂಡು ದೊಡ್ಡ ಡಾಕ್ಟರ ಹತ್ತಿರ ಹೋದಳು. ಅವರು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಕನ್ನಡಕ ಹಣೆಗೇರಿಸಿ ನೋಡಿ, ಟೀಚರಿಗೆ ನೋವಿದೆಯಾ ಎಂದು ಕೇಳಿದರು. ಇಲ್ಲ, ಎಂಬತ್ತೊಂಬತ್ತು ಬಂದಿದೆ ಎಂದಳು. ಹಾಗಾದರೆ ಮನುಷ್ಯರಿಗೆ ಚಿಕಿತ್ಸೆ ಕೊಡೋಣ, ಫೋಟೋಗಲ್ಲ, ಕಾದು ನೋಡೋಣ ಎಂದರು. ಅದು ತಪ್ಪು ಮಾತೇನಲ್ಲ. ಅಕ್ಕನ ಎಕ್ಸ್‌ರೇಯಲ್ಲೂ ಮೇಲ್ಗಡೆ ಒಂದಿಷ್ಟೇ ಇಷ್ಟು ಗೆರೆ ಇತ್ತು. ನೋವಿದೆಯಾ ಎಂದು ತಂಗಿ ಕೇಳಿದಳು. ಇಲ್ಲವಲ್ಲೇ ಎಂದಳು ಅಕ್ಕ. ತೊಂಬತ್ತೆರಡು ಬಂತು.

ಇನ್ನೊಂದು ಸಂಗತಿ ನಿಧಾನವಾಗಿ, ಕಣ್ಣಿಗೆ ಬೀಳದ ಹಾಗೆ ನಡೆಯುತ್ತಿತ್ತು. ಬರುವವರು ಕಡಿಮೆಯಾಗುತ್ತಿದ್ದರು. ದಿನ ಗೊತ್ತುಮಾಡಿ ಕಾರ್ಡು ಕಳಿಸಿದರೂ ಬರುತ್ತಿರಲಿಲ್ಲ. ಅಂಥವರ ಮುಂದೆ "ಬಂದಿಲ್ಲ" ಎಂದು ಬರೆದು ಮುಂದಿನ ಹೆಸರಿಗೆ ಹೋಗುವುದು ಪದ್ಧತಿ. ಕೊನೆಯವರಿಗೂ ಏಳು ವರ್ಷ ತುಂಬಿದಾಗ ಎಣಿಸಿದರೆ, ನೂರ ಹದಿನೆಂಟರಲ್ಲಿ ಬಂದವರು ಎಪ್ಪತ್ತೊಂದು, ಬಾರದವರು ನಲವತ್ತೇಳು. ಬಂದವರ ಸರಾಸರಿ ತೊಂಬತ್ತೊಂದು. ದೊಡ್ಡ ಡಾಕ್ಟರಿಗೆ ಖುಷಿಯಾಯಿತು. ಡಾಕ್ಟರುಗಳ ದೊಡ್ಡ ಸಭೆಯಲ್ಲಿ ಇದನ್ನು ಓದುವುದಾಗಿ ಹೇಳಿದರು. ಬಾರದವರ ವಿಷಯ ಬಂದಾಗ, ಚೆನ್ನಾಗಿರುವವರು ಆಸ್ಪತ್ರೆಗೆ ಯಾಕೆ ಬರುತ್ತಾರೆ, ನೋವಿದ್ದವರಾದರೆ ತಾವಾಗಿ ಓಡಿ ಬರುತ್ತಿದ್ದರು ಎಂದರು. ಸಾಕ್ಸಮ್ಮನೂ ಹಾಗೇ ಅಂದುಕೊಂಡಿದ್ದಳು. ಓಡಿ ಬರುವುದಕ್ಕೆ ಕಾಲು ಬೇಕು ಅನ್ನುವುದು ಇಬ್ಬರ ತಲೆಗೂ ಹೊಳೆಯಲಿಲ್ಲ.

ಅದಾದ ವಾರದೊಳಗೆ ತರಕಾರಿ ಮಾರುಕಟ್ಟೆಯಲ್ಲಿ ಅವಳಿಗೆ ಬಣ್ಣ ಬಳಿಯುವವನ ಹೆಂಡತಿ ಸಿಕ್ಕಳು. ಸಾಕ್ಸಮ್ಮ ನಗುತ್ತ ಹತ್ತಿರ ಹೋದರೆ ಆಕೆ ಮುಖ ತಿರುಗಿಸಿದಳು. ಮತ್ತೆ ಏನೋ ಯೋಚಿಸಿ ತಾನೇ ತಿರುಗಿ ಬಂದು, ಒಂದ್ಸಲ ಮನೆಗೆ ಬಂದು ನೋಡಿ ಹೋಗಿ ಎಂದು ಮಾತ್ರ ಹೇಳಿದಳು.

ಅವನು ಹೊಸ್ತಿಲ ಪಕ್ಕ ಎರಡು ಊರುಗೋಲುಗಳನ್ನು ಒರಗಿಸಿಕೊಂಡು ಕೂತಿದ್ದ. ತೊಡೆ ಒಣಗಿ ಕೈಯಷ್ಟಾಗಿತ್ತು. ಐದನೇ ವರ್ಷದಲ್ಲಿ ಶುರುವಾದ ನೋವಂತೆ. ಮೊದಲು ಏಣಿ ಮೇಲೆ, ಆಮೇಲೆ ನೆಲದ ಮೇಲೆ, ಆಮೇಲೆ ಮಲಗಿದರೂ. ಬೇರೆ ಒಂದು ಆಸ್ಪತ್ರೆಯಲ್ಲಿ ಬಿಚ್ಚಿ ನೋಡಿದರೆ ಬಟ್ಟಲು ಕೈಗೆ ಸಲೀಸಾಗಿ ಬಂತಂತೆ. ಮೇಲಿನ ಲೇಪ ಪೂರಾ ಕರಗಿಹೋಗಿ, ಕನ್ನಡಿಯಂಥ ಬರೀ ಲೋಹ ಉಳಿದಿತ್ತು. ಅದನ್ನು ಮೂಳೆ ಹಿಡಿಯುವುದು ಹೇಗೆ? ಅದು ಅಲ್ಲಾಡಿ ಅಲ್ಲಾಡಿ ಸುತ್ತಲ ಮೂಳೆಯನ್ನೇ ತಿಂದುಹಾಕಿತ್ತು. ಹೊಸದು ಕೂರಿಸಿದರು, ಅದೂ ಸರಿಯಾಗಿ ಕೂರಲಿಲ್ಲ.

ನಮ್ಮ ಹತ್ತಿರ ಯಾಕೆ ಬರಲಿಲ್ಲ ಎಂದು ಸಾಕ್ಸಮ್ಮ ಕೇಳಿದಳು.

"ಯಾವ ಮುಖ ಇಟ್ಕೊಂಡು ಬರ್ಲಿ ಅಮ್ಮ," ಎಂದ ಅವನು. "ತೊಂಬತ್ತಾರು ಕೊಟ್ಟಿದ್ರಿ. ನಾನೇ ಏನೋ ಎಡವಟ್ಟು ಮಾಡ್ಕೊಂಡು ಕೆಡಿಸ್ಕೊಂಡೆ ಅಂದ್ಕೊಂಡೆ."

ಆವತ್ತು ಮನೆಗೆ ಬಂದವಳು ನಲವತ್ತೇಳು ಹೆಸರು, ವಿಳಾಸ ಬರೆದುಕೊಂಡು ಕೂತಳು. ಮುಂದಿನ ಭಾನುವಾರದಿಂದ ಮನೆ ಮನೆ ಹುಡುಕಿಕೊಂಡು ಹೊರಟಳು. ಯಾರೂ ಹೇಳಿದ್ದಲ್ಲ, ಆಸ್ಪತ್ರೆಗೆ ಗೊತ್ತೂ ಇಲ್ಲ. ಐದು ತಿಂಗಳು ಹಿಡಿಯಿತು. ಐವರು ಸತ್ತಿದ್ದರು. ನಾಲ್ವರು ಎಲ್ಲಿಗೆ ಹೋದರೆಂದು ಅಕ್ಕಪಕ್ಕದವರಿಗೂ ಗೊತ್ತಿರಲಿಲ್ಲ. ಹನ್ನೊಂದು ಮಂದಿ, ದೊಡ್ಡ ಡಾಕ್ಟರು ಹೇಳಿದ ಹಾಗೆಯೇ, ಗುಂಡುಕಲ್ಲಿನಂತೆ ಇದ್ದು ಆಸ್ಪತ್ರೆಯ ನೆನಪೇ ಬಿಟ್ಟಿದ್ದರು. ಅಂಥ ಒಂದೊಂದು ಮನೆ ಸಿಕ್ಕಾಗಲೂ ಅವಳಿಗೆ ಕಾಲು ಹಿಡಿದು ನಮಸ್ಕರಿಸಬೇಕು ಅನ್ನಿಸುತ್ತಿತ್ತು. ಉಳಿದ ಇಪ್ಪತ್ತೇಳು ಮಂದಿಯ ಕೀಲು ಕೆಟ್ಟಿತ್ತು. ಅವರಲ್ಲಿ ಒಂಬತ್ತು ಜನ ಬೇರೆ ಕಡೆ ಬಿಚ್ಚಿಸಿ ಮಾಡಿಸಿಕೊಂಡಿದ್ದರು.

ಒಂದು ಮನೆಯಲ್ಲಿ ಹೆಂಗಸು ಮಂಚವನ್ನು ಅಡುಗೆಮನೆಗೇ ತರಿಸಿಕೊಂಡು, ಮಲಗಿದ ಕಡೆಯಿಂದಲೇ ಒಲೆ ನೋಡಿಕೊಳ್ಳುತ್ತಿದ್ದಳು. ಇನ್ನೊಂದು ಕಡೆ ಗಡಿಯಾರ ರಿಪೇರಿಯವನು, ನಾನು ದಿನಕ್ಕೆ ನಲವತ್ತು ಹೆಜ್ಜೆ ನಡೀತೀನಿ, ಅದರಲ್ಲಿ ಇಪ್ಪತ್ತು ಹೋಗೋದಕ್ಕೆ, ಇಪ್ಪತ್ತು ಬರೋದಕ್ಕೆ, ಲೆಕ್ಕ ತಪ್ಪಿದರೆ ಅಲ್ಲೇ ಬಿದ್ದಿರಬೇಕು ಎಂದು ನಗೆಯಾಡಿದ. ಅವನ ಮಗಳು ನಗಲಿಲ್ಲ. ಎಲ್ಲರದೂ ಹೆಚ್ಚುಕಡಿಮೆ ಒಂದೇ ಮಾತು. ಬಸ್ಸು ಹತ್ತಲಾಗಲಿಲ್ಲ. ಎರಡು ಮಹಡಿ ಯಾರು ಹತ್ತಿಸುತ್ತಾರೆ. ಹೇಗಿದ್ದರೂ ನೋಡೋಣ ನೋಡೋಣ ಅಂತಾರೆ. ಲಿಫ್ಟು ಇದೆ ಎಂದು ಅವಳು ಹೇಳಲು ಹೋಗಿ ಸುಮ್ಮನಾದಳು. ಲಿಫ್ಟಿನವರೆಗೆ ಬರುವುದೇ ಅವರ ಕೈಲಿ ಆಗದ ಕೆಲಸ.

ಪ್ರತಿ ಭಾನುವಾರ ಸಂಜೆ ಬಂದು ಅಕ್ಕನ ಮುಂದೆ ಎಲ್ಲ ಹೇಳಿಕೊಳ್ಳುತ್ತಿದ್ದಳು. ಅಕ್ಕ ಬಟ್ಟೆ ಮಡಿಸುತ್ತ ಕೇಳಿಸಿಕೊಳ್ಳುತ್ತಿದ್ದಳು. ಪಾಪ ಎನ್ನುತ್ತಿದ್ದಳು.

ಮನೆ ಮನೆ ತಿರುಗಿ ಸಾಕ್ಸಮ್ಮನ ಕಣ್ಣು ಒಂದು ವಿಷಯದಲ್ಲಿ ಪಳಗಿಬಿಟ್ಟಿತ್ತು. ಕಾಲು ಸೋತವರ ಮನೆಯಲ್ಲಿ ಗೋಡೆಗಳು ಸೊಂಟದ ಎತ್ತರಕ್ಕೆ ಕಪ್ಪಾಗಿರುತ್ತವೆ. ಬಚ್ಚಲಿಗೆ ಹೋಗುವ ದಾರಿಯಲ್ಲಿ, ಬಾಗಿಲ ಪಕ್ಕದಲ್ಲಿ, ಕೈಯೂರಿ ಕೈಯೂರಿ ಸುಣ್ಣದ ಮೇಲೆ ಎಣ್ಣೆಗಟ್ಟಿದ ಗುರುತು. ಮಾತು ಶುರುಮಾಡುವ ಮುಂಚೆಯೇ ಗೋಡೆ ನೋಡಿದರೆ ಅವಳಿಗೆ ಗೊತ್ತಾಗುತ್ತಿತ್ತು.

ಕೊನೆಯ ಮನೆ ಮುಗಿಸಿ ಬಂದ ದಿನ, ಇನ್ನೂ ಮಧ್ಯಾಹ್ನದ ಬಿಸಿಲಿತ್ತು. ತಮ್ಮ ಮನೆಯ ಮೆಟ್ಟಿಲು ಹತ್ತುತ್ತ ಅವಳು ಅರ್ಧದಲ್ಲಿ ನಿಂತುಬಿಟ್ಟಳು. ಎಡಗಡೆಯ ಗೋಡೆಯ ಮೇಲೆ ಕೆಳಗಿನಿಂದ ಮೇಲಿನವರೆಗೆ, ಒಂದೇ ಎತ್ತರದಲ್ಲಿ, ಅದೇ ಕಪ್ಪು ಗುರುತು. ದಿನಾ ಹತ್ತಿ ಇಳಿಯುವ ಮೆಟ್ಟಿಲು. ಎಷ್ಟು ವರ್ಷದಿಂದ ಇದೆಯೋ.

ಅಕ್ಕ ಕಿಟಕಿ ಪಕ್ಕ ಕೂತು ಅಕ್ಕಿ ಆರಿಸುತ್ತಿದ್ದಳು. ತಂಗಿ ಬಾಗಿಲಲ್ಲೇ ನಿಂತು, ಎದ್ದು ನಡಿ ಅಕ್ಕ ಎಂದಳು. ಅಕ್ಕ ಯಾಕೆ ಎಂದು ಕೇಳಲಿಲ್ಲ. ಕುರ್ಚಿಯ ಕೈ ಹಿಡಿದು ಎದ್ದು, ನಾಲ್ಕು ಹೆಜ್ಜೆ ನೆಟ್ಟಗೆ ಹಾಕಿದಳು. ಐದನೆಯದಕ್ಕೆ ಅವಳ ಮೇಲ್ತುಟಿಯ ಮೇಲೆ ಬೆವರು ಮೂಡಿತು. ಎರಡು ವರ್ಷದಿಂದ ಹೀಗಂತೆ. ಸೇತುವೆಗೆ ಹೋಗುತ್ತೇನೆಂದು ಹೊರಟು, ಬೀದಿ ತಿರುವಿನ ಅಂಗಡಿ ಕಟ್ಟೆಯ ಮೇಲೆ ಕೂತಿದ್ದು ವಾಪಸು ಬರುತ್ತಿದ್ದಳಂತೆ. ಆಸ್ಪತ್ರೆಗೆ ಬರುವ ದಿನ ನೋವಿನ ಮಾತ್ರೆ ಎರಡು ನುಂಗಿ ಬರುತ್ತಿದ್ದಳಂತೆ.

"ಏಳನೇ ವರ್ಷದ್ದು ತೊಂಬತ್ತೆರಡು ಅಂತ ಬರ್ದಿದ್ದೀನಲ್ಲ ಅಕ್ಕ," ಎಂದಳು ತಂಗಿ.

"ನೋವಿದೆಯಾ ಅಂತ ಕೇಳೋವಾಗ್ಲೇ ನಿನ್ನ ಮುಖದಲ್ಲಿ ನಗು ಇರ್ತಿತ್ತು," ಎಂದಳು ಅಕ್ಕ. "ಇದೆ ಅಂತ ಹೇಗೆ ಹೇಳ್ಲಿ?"

ಸಾಕ್ಸಮ್ಮ ಅಲ್ಲೇ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಅಕ್ಕನದು ಒಂದು ಹಾಳೆ ಸುಳ್ಳಾದರೆ ಇನ್ನೆಷ್ಟು ಹಾಳೆ ಸುಳ್ಳೋ. ಬಾರದವರ ಲೆಕ್ಕ ಮನೆ ಮನೆ ತಿರುಗಿ ಸರಿಮಾಡಬಹುದು. ಬಂದವರು ಅವಳ ಮುಖ ನೋಡಿ ಕೊಟ್ಟ ಉತ್ತರಗಳನ್ನು ಯಾವ ಊರಿಗೆ ಹೋಗಿ ಸರಿಮಾಡುವುದು?

ಮಾರನೇ ದಿನ ಅವಳು ದೊಡ್ಡ ಡಾಕ್ಟರ ಮೇಜಿನ ಮೇಲೆ ತನ್ನ ಹಾಳೆಗಳನ್ನಿಟ್ಟಳು. ಮೇಲೆ ಅಕ್ಕನ ಹೊಸ ಎಕ್ಸ್‌ರೇ. ಬಟ್ಟಲಿನ ಸುತ್ತ ಪೂರ್ತಿ ಕಪ್ಪು ಗೆರೆ, ಬಟ್ಟಲೇ ಒಂದು ಕಡೆಗೆ ವಾಲಿತ್ತು. ಅವರು ಅರ್ಧ ಗಂಟೆ ಓದಿದರು. ಕೂಗಾಡಲಿಲ್ಲ, ಯಾರನ್ನು ಕೇಳಿ ಹೋದೆ ಎಂದು ಗದರಲಿಲ್ಲ. ಓದಿ ಮುಗಿಸಿ ಹಾಳೆಗಳ ಅಂಚು ಸರಿಮಾಡಿ ಜೋಡಿಸುತ್ತಲೇ ಇದ್ದರು. ಆಮೇಲೆ, ಆ ಬಟ್ಟಲನ್ನು ಮಾಡುವವರು ಏಳೆಂಟು ವರ್ಷದ ಹಿಂದೆಯೇ ನಿಲ್ಲಿಸಿದ್ದಾರೆ ಎಂದರು. ಈಗ ಬರುವುದು ಬೇರೆ. ಲೇಪದ ಕೆಳಗಿನ ಲೋಹವನ್ನೇ ಒರಟಾಗಿ, ಸಣ್ಣ ಸಣ್ಣ ರಂಧ್ರ ಬಿಟ್ಟು ಮಾಡಿರುತ್ತಾರೆ. ಲೇಪ ಹೋದರೂ ಮೂಳೆಗೆ ಹಿಡಿಯಲು ಜಾಗ ಇರುತ್ತದೆ. ತಾವೂ ಅದನ್ನೇ ಹಾಕುತ್ತಿರುವುದು. ಯಾಕೆ ನಿಲ್ಲಿಸಿದಿರಿ ಎಂದು ತಾವು ಅವರನ್ನು ಕೇಳಿರಲಿಲ್ಲ ಎಂದರು.

"ನಿಮಗೆ ಗೊತ್ತಿತ್ತಾ ಸರ್?" ಎಂದು ಅವಳು ಕೇಳಿದಳು.

"ಗೊತ್ತಿತ್ತು ಅಂತಲ್ಲ," ಎಂದರು ಅವರು. "ಗೊತ್ತಿರಲಿಲ್ಲ ಅಂತ ಹೇಳೋಕೂ ಬಾಯಿ ಬರ್ತಿಲ್ಲ."

ಆ ಮನುಷ್ಯ ತನ್ನ ಕೈಲಾದದ್ದು ಮಾಡಿದರು ಅನ್ನಬೇಕು. ಡಾಕ್ಟರುಗಳ ಸಭೆಗೆ ಹೋಗಿ ಎಪ್ಪತ್ತೊಂದು ಜನರ ಲೆಕ್ಕದ ಜೊತೆ ನಲವತ್ತೇಳು ಜನರದ್ದನ್ನೂ ಓದಿದರು. ಮಧ್ಯಾಹ್ನದ ಊಟ ಆದ ಮೇಲಿನ ಹೊತ್ತು, ಸಭೆಯಲ್ಲಿ ಹತ್ತು ಹನ್ನೆರಡು ಮಂದಿ ಇದ್ದರಂತೆ. ಒಬ್ಬರು ಎದ್ದು ನಿಂತು, ಆ ನಮೂನೆ ಈಗ ತಯಾರಾಗುತ್ತಲೇ ಇಲ್ಲವಲ್ಲ, ಇದರಿಂದ ಈಗೇನು ಉಪಯೋಗ ಎಂದು ಕೇಳಿದರಂತೆ. ಅಲ್ಲಿಗೆ ಮುಗಿಯಿತು. ನಿಜ ಹೇಳಿದರೆ ಆಕಾಶ ಕಳಚಿ ಬೀಳುತ್ತದೆ ಎಂದು ಸಾಕ್ಸಮ್ಮ ಹೆದರಿ ಕೂತಿದ್ದಳು. ಒಂದು ಎಲೆಯೂ ಅಲ್ಲಾಡಲಿಲ್ಲ.

ನೂರ ಹದಿನೆಂಟು ಮಂದಿಯಲ್ಲಿ ಬದುಕಿರುವವರಿಗೆಲ್ಲ ಕಾಗದ ಬರೆದು ಕರೆಸಿ ಎಕ್ಸ್‌ರೇ ತೆಗೆಯಬೇಕು ಎಂದು ದೊಡ್ಡ ಡಾಕ್ಟರು ಆಡಳಿತದವರನ್ನು ಕೇಳಿದರು. ನೆಮ್ಮದಿಯಾಗಿರುವವರನ್ನು ಯಾಕೆ ಹೆದರಿಸುತ್ತೀರಿ, ತೊಂದರೆಯಾದವರು ಬಂದರೆ ನೋಡಿದರಾಯಿತು ಎಂದು ಅವರು ಕಡತ ಮುಚ್ಚಿದರು. ಸಾಕ್ಸಮ್ಮ ತನ್ನ ಫೋನಿನಿಂದ ಒಬ್ಬೊಬ್ಬರನ್ನೇ ಕರೆದಳು. ಅರ್ಧದಷ್ಟು ಜನ ಬಂದರು. ಲೆಕ್ಕದ ಟೀಚರಿನ ಮೂಳೆ ಇನ್ನೂ ಉಳಿದಿತ್ತು, ಅವರಿಗೆ ಹೊಸದು ಕೂರಿಸಿದರು, ಅದು ಕೂತಿತು. ಕೆಲವರಿಗೆ ಹೊತ್ತು ಮೀರಿತ್ತು. ಬಣ್ಣ ಬಳಿಯುವವನು ಫೋನು ಎತ್ತಲಿಲ್ಲ.

ಅಕ್ಕನ ಬಟ್ಟಲನ್ನು ದೊಡ್ಡ ಡಾಕ್ಟರೇ ಬಿಚ್ಚಿದರು. ಗುಳಿಯ ಮೂಳೆ ಗೆದ್ದಲು ತಿಂದ ಮರದಂತಾಗಿತ್ತು. ಬೇರೆ ಮೂಳೆ ತುಂಬಿ ಹೊಸದನ್ನು ಕೂರಿಸಿದರು. ಮೂರನೇ ವಾರಕ್ಕೆ ಗಾಯ ಕೀವಾಯಿತು. ತೊಳೆದರು, ಔಷಧಿ ಬದಲಾಯಿಸಿದರು, ಮತ್ತೆ ತೊಳೆದರು. ಒಟ್ಟು ನಾಲ್ಕು ಸಲ ಅಕ್ಕನನ್ನು ಒಳಗೆ ತಳ್ಳಿಕೊಂಡು ಹೋದರು. ನಾಲ್ಕನೇ ಸಲ ಇದ್ದಬದ್ದ ಲೋಹವನ್ನೆಲ್ಲ ತೆಗೆದು, ಏನೂ ಹಾಕದೆ ಹೊಲಿದುಬಿಟ್ಟರು. ಕೀಲೇ ಇಲ್ಲದ ಕಾಲು. ಎರಡೂವರೆ ಅಂಗುಲ ಗಿಡ್ಡವಾಯಿತು. ತಂಗಿ ಆಸ್ಪತ್ರೆಯ ಆ ಮೂರು ತಿಂಗಳೂ ಹಾಸಿಗೆಯ ಪಕ್ಕ ಇದ್ದಳು. ಜ್ವರ ಏರಿದಾಗ ಅಕ್ಕ ಒಮ್ಮೆ, ಹಂಸನಡೆಯಾದರೂ ನಡೆಯಾಗಿತ್ತಲ್ಲೇ ಎಂದಳು. ಎಚ್ಚರದಲ್ಲಿ ಎಂದೂ ಒಂದು ಮಾತು ಆಡಲಿಲ್ಲ. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ಕೆಲವು ದಿನ ತಂಗಿ ಬೇಕೆಂದೇ ಅದೂ ಇದೂ ತಪ್ಪು ಮಾಡಿ, ಅಕ್ಕ ಒಂದಿಷ್ಟು ಬೈಯಲಿ ಎಂದು ಕಾಯುತ್ತಿದ್ದಳು. ಅಕ್ಕ ಬೈಯಲಿಲ್ಲ.

ಅಕ್ಕನ ಇಸ್ತ್ರಿ ಕೆಲಸ ಹೋಯಿತು. ಮಹಡಿ ಮನೆ ಬಿಟ್ಟು ನೆಲದ ಮೇಲಿನ ಒಂದೇ ಕೋಣೆಯ ಮನೆಗೆ ಬಂದರು. ದೊಡ್ಡ ಡಾಕ್ಟರು ಆ ವರ್ಷವೇ ನಿವೃತ್ತಿ ತೆಗೆದುಕೊಂಡರು. ಹೋಗುವ ದಿನ ಸಾಕ್ಸಮ್ಮನ ಕೋಣೆಗೆ ಬಂದು, ಎರಡು ನಿಮಿಷ ನಿಂತು ಹೋದರು. ಕೆಲ ತಿಂಗಳಿಗೆ ಆ ಕೋಣೆಯನ್ನೂ ಮುಚ್ಚಿದರು. ಈಗ ರೋಗಿಗಳ ಫೋನಿಗೇ ಒಂದು ಸಂದೇಶ ಹೋಗುತ್ತದೆ. ನೋವು ಎಷ್ಟಿದೆ, ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಒತ್ತಿ ಎಂದು. ಉತ್ತರ ಕೊಡದವರ ಮುಂದೆ ಏನು ಬರೆಯುತ್ತಾರೆ ಎಂದು ಅವಳು ಕೇಳಿ ನೋಡಿದಳು. ಅದನ್ನು ಕಂಪ್ಯೂಟರೇ ಬಿಟ್ಟುಬಿಡುತ್ತದೆ ಎಂದರು. ಅವಳನ್ನು ಕೆಳಗೆ ಟೋಕನ್ ಕೊಡುವ ಕೌಂಟರಿಗೆ ಹಾಕಿದರು. ಗಾಜಿನ ಕಿಂಡಿಯ ಹಿಂದೆ ಕೂತು, ಹೆಸರು ಕೇಳಿ, ಚೀಟಿ ಹರಿದು ಕೊಡುವ ಕೆಲಸ. ಅಲ್ಲಿ ಯಾರೂ ಅವಳನ್ನು ಸಾಕ್ಸಮ್ಮ ಎನ್ನುವುದಿಲ್ಲ. ಯಾಕೆ ಆ ಹೆಸರು ಬಂತೆಂದು ಬಲ್ಲವರೂ ಇಲ್ಲ.

ಎಲ್ಲ ಭಾರವೂ ಒಂದೇ ಕಾಲಿನ ಮೇಲೆ ಬಿದ್ದು ಅಕ್ಕನ ಬಲ ಸೊಂಟ ಎರಡು ವರ್ಷದಲ್ಲಿ ಸವೆಯಿತು. ಹೊಸದಾಗಿ ಬಂದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೋದಾಗ ಒಂದು ಗಂಟೆ ಕೂತು ವಿವರಿಸಿದರು. ಬಲಗಡೆಗೆ ಬದಲಿ ಕೀಲು ಹಾಕದಿದ್ದರೆ ಇನ್ನೊಂದು ವರ್ಷಕ್ಕೆ ಎದ್ದು ನಿಲ್ಲುವುದೂ ಆಗುವುದಿಲ್ಲ ಎಂದರು. ಈಗಿನ ಒರಟು ಮೈಯ ಬಟ್ಟಲುಗಳು ಹದಿನೈದು, ಇಪ್ಪತ್ತು ವರ್ಷ ಕದಲದೆ ನಿಂತಿವೆ, ಬಂದವರದ್ದು ಬಾರದವರದ್ದು ಎಲ್ಲ ಸೇರಿಸಿ ತೆಗೆದ ಲೆಕ್ಕವೇ ಇದು ಎಂದು ಹಾಳೆ ತೋರಿಸಿದರು. ಗಾಯ ಕೀವಾಗುವ ಭಯ ಇದೆ, ಇಲ್ಲ ಅನ್ನಲ್ಲ, ಆದರೂ ಮಾಡಿಸುವುದೇ ಮೇಲು ಎಂದರು. ಸಾಕ್ಸಮ್ಮ ಆ ಹಾಳೆಯನ್ನು ಸಾಲು ಸಾಲಾಗಿ ಓದಿದಳು. ಅಂಥ ಹಾಳೆ ಓದುವುದರಲ್ಲಿ ಅವಳಿಗಿಂತ ಅನುಭವ ಯಾರಿಗಿದೆ? ಎಲ್ಲೂ ತಪ್ಪಿರಲಿಲ್ಲ. ಡಾಕ್ಟರಮ್ಮ ಹೇಳಿದ್ದು ನಿಜ.

ಮನೆಗೆ ಬಂದು ಅಕ್ಕನನ್ನು ಮಂಚದ ಮೇಲೆ ಕೂರಿಸಿದಳು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಅವಳ ಕಡೆ ತಿರುಗಿದಳು.

"ಏನೇ, ಮಾಡಿಸ್ಕೊಳ್ಳಲಾ? ನೀನು ಹೇಳು."

ಮಾಡಿಸಿಕೋ ಎನ್ನಬೇಕು. ಅವಳಿಗೆ ಗೊತ್ತಿದ್ದ ಎಲ್ಲವೂ ಅದನ್ನೇ ಹೇಳುತ್ತಿತ್ತು. ಅವಳು ಬಾಯಿ ತೆರೆದಳು, ಅಕ್ಕನ ಗಿಡ್ಡ ಕಾಲು ಕಣ್ಣಿಗೆ ಬಿತ್ತು. ಮತ್ತೆ ಪ್ರಯತ್ನಿಸಿದಳು. ಅಕ್ಕ ಅವಸರ ಮಾಡದೆ ಕಾದಳು. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು.

"ಗೊತ್ತಾಗ್ತಿಲ್ಲ ಅಕ್ಕ," ಎಂದಳು ಕೊನೆಗೆ.

ಅಕ್ಕ ತಲೆಯಾಡಿಸಿದಳು. ಹಾಗಾದ್ರೆ ಬೇಡ ಬಿಡು ಎಂದಳು, ದನಿಯಲ್ಲಿ ಬೇಸರವೂ ಇರಲಿಲ್ಲ. ಕಾಲನ್ನು ಎರಡೂ ಕೈಯಿಂದ ಎತ್ತಿ ಮಂಚದ ಮೇಲಿಟ್ಟುಕೊಂಡು, ಗೋಡೆ ಕಡೆಗೆ ಮುಖ ಮಾಡಿ ಮಲಗಿದಳು. ತಂಗಿ ಅವಳ ಬೆನ್ನನ್ನು ನೋಡುತ್ತ ಅಲ್ಲೇ ಕೂತಿದ್ದಳು. ಕೌಂಟರಿಗೆ ಹೋಗುವ ಹೊತ್ತು ಮೀರುತ್ತಿತ್ತು, ಅವಳು ಏಳಲಿಲ್ಲ.